ಚಿಟಿಕೆ ಗ್ರಾಫೀನ್ ಹಾಕಿದ್ರೆ ಮಾಲು ಗಟ್ಟಿ ಆಗುತ್ತಾ? ಮೊದ್ಲು ಯಾವ ಗಟ್ಟಿ ಅಂತ ಹೇಳ್ರಿ

ಪ್ರಶ್ನೆ: ಸರ್, ದಾವಣಗೆರೆ ಕರೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ದೊಂದು ಸಣ್ಣ ಮೌಲ್ಡಿಂಗ್ ಶೆಡ್ ಇದೆ, ಎರಡು ಮಷಿನ್. ಹೊಲದ ಪೈಪ್‌ಲೈನಿಗೆ ಬೋಲ್ಟ್ ಹಾಕಿ ಬಿಗಿಯೋ ಕಪ್ಪು ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಸ್ಯಾಡಲ್, ಅಂದ್ರೆ ಪೈಪ್ ಕ್ಲಾಂಪ್, ಮಾಡ್ತೀವಿ. ನೂರು ಕೆಜಿಗೆ ಕಪ್ಪು ಮಾಸ್ಟರ್‌ಬ್ಯಾಚ್ (ಬಣ್ಣದ ದಾಣ) ಎರಡು ಕೆಜಿ ಹಾಕ್ತೀವಿ, ಬಣ್ಣ ಚೆನ್ನಾಗೇ ಬರುತ್ತೆ. ಗ್ರೈಂಡಿಂಗ್ ಮಾಲು, ಅಂದ್ರೆ ವೇಸ್ಟ್ ಪುಡಿ ಮಾಡಿದ್ದು, ಮೂವತ್ತು ಪರ್ಸೆಂಟ್ ಹಾಕ್ತೀವಿ. ಜಗಳೂರು, ಚಳ್ಳಕೆರೆ ಕಡೆ ಹೋದ ಮಾಲು ಒಂದು ಬೇಸಿಗೆ ಕಳೆಯೋದ್ರೊಳಗೆ ಬೋಲ್ಟ್ ತೂತಿನ ಹತ್ರ ಸೀಳು ಬಿಟ್ಟು ವಾಪಸ್ ಬರ್ತಿದೆ. ಮೊನ್ನೆ ಒಬ್ರು ಡೀಲರ್ ಬಂದು ಗ್ರಾಫೀನ್ ಪುಡಿ, ಕಾರ್ಬನ್ ನ್ಯಾನೋಟ್ಯೂಬ್ ಅಂತ ಎರಡು ಡಬ್ಬಿ ತೋರ್ಸಿ, ನೂರು ಕೆಜಿಗೆ ಅರ್ಧ ಕೆಜಿ ಹಾಪರ್‌ಗೆ (ಮಷಿನ್‌ಗೆ ಮಾಲು ಸುರಿಯೋ ಬಾಯಿ) ಸುರೀರಿ ಸಾಕು, ಇದು ಸ್ಟೀಲಿಗಿಂತ ನೂರು ಪಟ್ಟು ಗಟ್ಟಿ, ನಿಮ್ಮ ಮಾಲು ಡಬಲ್ ಗಟ್ಟಿ ಆಗುತ್ತೆ ಅಂದ್ರು. ರೇಟು ಕೇಳಿ ಎದೆ ಝಲ್ ಅಂತು. ತಗೊಳ್ಳೋದಾ ಬೇಡವಾ? ಒಡೆದ ಸ್ಯಾಡಲ್‌ನ ಎರಡು ಫೋಟೋ ಕಳ್ಸಿದೀನಿ.

ಉತ್ತರ: ತಗೋಬೇಡಿ. ಪುಡಿ ರೂಪದಲ್ಲಂತೂ ಬೇಡವೇ ಬೇಡ. ಆದ್ರೆ ಡೀಲರ್ ಹೇಳಿದ್ದು ಪೂರ್ತಿ ಸುಳ್ಳಲ್ಲ, ಕಷ್ಟ ಇರೋದೇ ಅಲ್ಲಿ, ಪೂರ್ತಿ ಸುಳ್ಳಾಗಿದ್ರೆ ಒಂದು ಸಾಲಲ್ಲಿ ಮುಗಿಸ್ತಿದ್ದೆ, ಅರ್ಧ ನಿಜ ಇರೋ ಮಾತು ಬಿಡಿಸಿ ಹೇಳೋಕೆ ಟೈಮ್ ಹಿಡಿಯುತ್ತೆ. ಒಂದು ಟೀ ತರಿಸ್ಕೊಂಡು ಕೂತ್ಕೊಳ್ಳಿ.

ಮೊದ್ಲು ಈ "ಗಟ್ಟಿ" ಅನ್ನೋ ಪದ. ನಮ್ಮ ಭಾಷೇಲಿ ಈ ಒಂದು ಪದದ ತಲೆ ಮೇಲೆ ಮೂರ್ನಾಲ್ಕು ಕೆಲಸ ಹೇರಿದೀವಿ. ಖಡಕ್ ರೊಟ್ಟಿ ಗಟ್ಟಿ ಅಂತೀವಿ, ಅದು ಬಗ್ಗಲ್ಲ, ಬಗ್ಗಿಸೋಕೆ ಹೋದ್ರೆ ಚಟ್ ಅಂತ ಮುರಿಯುತ್ತೆ. ಹಗ್ಗ ಗಟ್ಟಿ ಅಂತೀವಿ, ಅದು ಹೆಂಗೆ ಬೇಕಾದ್ರೂ ಬಗ್ಗುತ್ತೆ, ಆದ್ರೆ ಎಳೆದ್ರೆ ಹರಿಯಲ್ಲ. ಚಪ್ಪಲಿ ಅಟ್ಟೆ ಗಟ್ಟಿ ಅಂತೀವಿ, ಅದು ಬಗ್ಗುತ್ತೆ, ಪೆಟ್ಟು ನುಂಗುತ್ತೆ, ವರ್ಷಗಟ್ಲೆ ಸವೆಯುತ್ತೆ ಹೊರತು ಒಡೆಯಲ್ಲ. ಪ್ಲಾಸ್ಟಿಕ್ ಲ್ಯಾಬ್‌ನವ್ರು ಇವನ್ನ ಬೇರೆ ಬೇರೆ ಖಾತೇಲಿ ಬರೀತಾರೆ: ಬಗ್ಗದೇ ನಿಲ್ಲೋದಕ್ಕೆ ಮಾಡ್ಯುಲಸ್, ಎಳೆತ ತಡೆಯೋದಕ್ಕೆ ಟೆನ್ಸೈಲ್ ಸ್ಟ್ರೆಂತ್, ಪೆಟ್ಟು ನುಂಗೋದಕ್ಕೆ ಇಂಪ್ಯಾಕ್ಟ್. ಒಂದನ್ನ ಏರಿಸಿದ್ರೆ ಇನ್ನೊಂದು ತಾನಾಗೇ ಏರುತ್ತೆ ಅಂತಿಲ್ಲ, ಎಷ್ಟೋ ಸಲ ಇಳಿಯುತ್ತೆ, ಮೆತ್ತನೆ ರೊಟ್ಟಿ ಖಡಕ್ ಆದಂಗೆ. ಡೀಲರ್ "ಡಬಲ್ ಗಟ್ಟಿ" ಅಂದಾಗ ನೀವು ಕೇಳ್ಬೇಕಿದ್ದ ಮೊದಲ ಪ್ರಶ್ನೆ, ಯಾವ ಗಟ್ಟಿ ಸ್ವಾಮಿ ಅಂತ. ನಿಮ್ಮ ಸ್ಯಾಡಲ್‌ಗೆ ಬೇಕಿರೋದು ಬಿಸಿಲು ತಡೆಯೋ ಗುಣ, ಬೋಲ್ಟ್ ಬಿಗಿದಾಗ ಸೀಳದೇ ಇರೋ ಗುಣ. ಆ ಡಬ್ಬಿ ಮಾರೋದು ಮುಖ್ಯವಾಗಿ ಬಗ್ಗದೇ ಇರೋ ಗುಣ.

ಈಗ ಆ "ನೂರು ಪಟ್ಟು" ಲೆಕ್ಕ ಎಲ್ಲಿಂದ ಬಂತು ಅಂತ ನೋಡೋಣ, ಅದು ಆಕಾಶದಿಂದ ಉದುರಿದ್ದಲ್ಲ. 1991ರಲ್ಲಿ ಜಪಾನಿನ ಸುಮಿಯೋ ಈಜಿಮಾ ಅನ್ನೋರು ಎಲೆಕ್ಟ್ರಾನ್ ಮೈಕ್ರೋಸ್ಕೋಪ್‌ನಲ್ಲಿ ಕಾರ್ಬನ್ ನ್ಯಾನೋಟ್ಯೂಬ್ ತೋರ್ಸಿ ಬರೆದ ಮೇಲೆ ಜಗತ್ತೆಲ್ಲ ಇದರ ಹಿಂದೆ ಬಿತ್ತು. ಕಾರ್ಬನ್ ಪರಮಾಣುಗಳ ಹಾಳೆಯನ್ನ ಚಾಪೆ ಸುತ್ತಿದಂಗೆ ಸುತ್ತಿದ ಕೊಳವೆ ಅದು, ಒಂಟಿ ಗೋಡೇದು ದಪ್ಪದಲ್ಲಿ ಸುಮಾರು 1 ನ್ಯಾನೋಮೀಟರ್, ಹಲವು ಗೋಡೇದು ಹತ್ತು ಚಿಲ್ಲರೆ, ನಮ್ಮ ತಲೆಕೂದಲು 80,000 ನ್ಯಾನೋಮೀಟರ್ ಆಸುಪಾಸು ಇರುತ್ತೆ, ನೀವೇ ಹೋಲಿಸ್ಕೊಳ್ಳಿ. ಆಮೇಲೆ 2004ರಲ್ಲಿ ಮ್ಯಾಂಚೆಸ್ಟರ್ ಯೂನಿವರ್ಸಿಟಿಯ ಗೈಮ್ ಮತ್ತು ನೊವೊಸೆಲೊವ್ ಗ್ರಾಫೈಟ್ ಮೇಲೆ ಅಂಟು ಟೇಪ್ ಹಚ್ಚಿ ಕಿತ್ತು ಕಿತ್ತು ಒಂದೇ ಪರಮಾಣು ದಪ್ಪದ ಹಾಳೆ ಬೇರೆ ಮಾಡಿದ್ರು, ಅದೇ ಗ್ರಾಫೀನ್, 2010ರಲ್ಲಿ ಅವರಿಬ್ರಿಗೂ ಫಿಸಿಕ್ಸ್ ನೊಬೆಲ್ ಬಂತು. (ನಮ್ಮೂರು ದಾವಣಗೆರೆಯನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೀತಿದ್ದ ಕಾಲ ಇತ್ತು, ಮಿಲ್ಲುಗಳು ಮುಚ್ಚಿದ ಮೇಲೆ ಆ ಮ್ಯಾಂಚೆಸ್ಟರ್ ಗ್ರಾಫೀನ್ ಹಿಡೀತು, ಈ ಮ್ಯಾಂಚೆಸ್ಟರ್ ಬೆಣ್ಣೆ ದೋಸೆ ಹಿಡೀತು, ಇರ್ಲಿ.) 2008ರಲ್ಲಿ ಅಳೆದಾಗ ಗ್ರಾಫೀನ್‌ನ ಎಳೆತದ ಬಲ 130 ಗಿಗಾಪ್ಯಾಸ್ಕಲ್ (ಪ್ಯಾಸ್ಕಲ್ ಅನ್ನೋದು ಇದನ್ನ ಅಳೆಯೋ ಮಾನ, ಒಂದು ಗಿಗಾ ಅಂದ್ರೆ ಸಾವಿರ ಮೆಗಾ), ಮಾಡ್ಯುಲಸ್ 1000 ಗಿಗಾಪ್ಯಾಸ್ಕಲ್ ಅಂತ ಬಂತು. ನಿಮ್ಮ ಪಿಪಿ ಬಲ 30 ಮೆಗಾಪ್ಯಾಸ್ಕಲ್ ಆಸುಪಾಸು, ಮಾಡ್ಯುಲಸ್ ಒಂದೂಕಾಲು ಗಿಗಾಪ್ಯಾಸ್ಕಲ್ ಅಂತ ಇಟ್ಕೊಳ್ಳಿ. ಅಂದ್ರೆ ವ್ಯತ್ಯಾಸ ಬಲದಲ್ಲಿ ಸಾವಿರಗಟ್ಲೆ ಪಟ್ಟು, ಮಾಡ್ಯುಲಸ್ಸಿನಲ್ಲಿ ಎಂಟುನೂರು ಪಟ್ಟು. ಸ್ಟೀಲಿಗೆ ಹೋಲಿಸಿದ ನೂರು ಪಟ್ಟೂ ಸರೀನೇ.

ಡಬಲ್ ಅನ್ನೋದಕ್ಕೂ ಲೆಕ್ಕ ಇದೆ, ಮಾಡೇ ತೋರಿಸ್ತೀನಿ. ತೂಕದಲ್ಲಿ 1 ಪರ್ಸೆಂಟ್, ಅಂದ್ರೆ ಡೀಲರ್ ಹೇಳಿದ್ದರ ಎರಡರಷ್ಟು, ನ್ಯಾನೋಟ್ಯೂಬ್ ಹಾಕಿದ್ರಿ ಅಂದ್ಕೊಳ್ಳಿ. ಅದು ಪಿಪಿಗಿಂತ ಎರಡು ಪಟ್ಟು ಭಾರ, ಹಂಗಾಗಿ ಜಾಗದ ಲೆಕ್ಕದಲ್ಲಿ ಅರ್ಧ ಪರ್ಸೆಂಟ್. ಅರ್ಧ ಪರ್ಸೆಂಟನ್ನ 1000ಕ್ಕೆ ಗುಣಿಸಿದ್ರೆ 5 ಗಿಗಾಪ್ಯಾಸ್ಕಲ್. ಕೊಳವೆಗಳು ಒಂದೇ ದಿಕ್ಕಿಗೆ ಮಲಗಿರಲ್ಲ, ದಿಕ್ಕಾಪಾಲಾಗಿ ಬಿದ್ದಿರುತ್ತವೆ, ಅದಕ್ಕೆ ಐದರಿಂದ ಭಾಗಿಸಿ, 1 ಗಿಗಾಪ್ಯಾಸ್ಕಲ್ ಉಳೀತು. ಒಂದೂಕಾಲಿಗೆ ಒಂದು ಸೇರಿದ್ರೆ ಎರಡೂಕಾಲು. ಹತ್ರ ಹತ್ರ ಡಬಲ್! ಪೇಪರ್ ಮೇಲೆ ಡೀಲರ್ ಗೆದ್ದ. ಮಷಿನ್ ಮೇಲೆ ಬಂದಾಗ ಈ ಏರಿಕೆ ಸಾಮಾನ್ಯವಾಗಿ ಹತ್ತಿಪ್ಪತ್ತು ಪರ್ಸೆಂಟ್‌ನಲ್ಲೇ ಸುಸ್ತಾಗುತ್ತೆ, ಎಳೆತದ ಬಲದಲ್ಲಿ ಅದಕ್ಕಿಂತ ಕಮ್ಮಿ, ಮುರಿಯೋ ಮುಂಚೆ ಹಿಗ್ಗೋ ಗುಣ ಎಷ್ಟೋ ಸಲ ಅರ್ಧಕ್ಕರ್ಧ ಬಿದ್ದುಹೋಗುತ್ತೆ.

ಯಾಕೆ ಹಿಂಗೆ ಅಂದ್ರೆ ಮೊದಲನೇ ಕಾರಣ ಗಂಟು. ಚಿತ್ರದುರ್ಗದ ಕಡೆ ಮನೇಲಿ ಮುದ್ದೆ ಮಾಡೋದು ನೋಡಿರ್ತೀರಿ, ಕುದಿಯೋ ನೀರಿಗೆ ರಾಗಿಹಿಟ್ಟು ಹಾಕಿ ಕೋಲು ತಿರುವೋಕೆ ಒಂಚೂರು ತಡ ಮಾಡಿದ್ರೆ ಗಂಟು ಕಟ್ಟುತ್ತೆ, ಆಮೇಲೆ ತಟ್ಟೇಲಿ ಆ ಗಂಟು ಒಡೆದು ನೋಡಿದ್ರೆ ಮೇಲೆ ಬೆಂದಿರುತ್ತೆ, ಒಳಗೆ ಒಣ ಹಿಟ್ಟು ಹಂಗೇ ಇರುತ್ತೆ, ನೀರು ಮುಟ್ಟೇ ಇರಲ್ಲ. ನ್ಯಾನೋ ಪುಡಿ ಹಿಟ್ಟಿಗಿಂತ ಸಾವಿರ ಪಾಲು ಹಠಮಾರಿ. ಕಣ ಸಣ್ಣದಾದಷ್ಟೂ ತೂಕಕ್ಕೆ ಮೈ ಜಾಸ್ತಿ, ಮೈ ಜಾಸ್ತಿ ಆದಷ್ಟೂ ಒಂದಕ್ಕೊಂದು ಅಂಟ್ಕೊಳ್ಳೋ ಸೆಳೆತ ಜಾಸ್ತಿ. ನಿಜವಾದ ಒಂಟಿ ಹಾಳೆ ಗ್ರಾಫೀನ್ ಒಂದು ಗ್ರಾಂ ಬಿಡಿಸಿ ಹಾಸಿದ್ರೆ ಎರಡೂ ಮಗ್ಗುಲು ಸೇರಿ 2630 ಚದರ ಮೀಟರ್ ಮೈ. ನಮ್ಮ ಲೆಕ್ಕದಲ್ಲಿ 26 ಗುಂಟೆ ರೀ, ಒಂದು ಗ್ರಾಂಗೆ! ಡೀಲರ್ ಹೇಳಿದ ಅರ್ಧ ಕೆಜಿಗೆ ಮುನ್ನೂರಿಪ್ಪತ್ತು ಎಕರೆ ಮೇಲಾಗುತ್ತೆ. ಅಷ್ಟು ಎಕರೆ ಹೊಲಕ್ಕೆ ನಿಮ್ಮ ನೂರು ಕೆಜಿ ಪಿಪಿ ಮೂಲೆ ಮೂಲೆಗೂ ಹೋಗಿ ಹತ್ಕೋಬೇಕು, ಅದೂ ಮಾಲು ಮಷಿನ್ನಿನ ಬಿಸಿ ಸಿಲಿಂಡರ್, ಅಂದ್ರೆ ಬ್ಯಾರಲ್‌ನಲ್ಲಿ ಇರೋ ಕೆಲವೇ ನಿಮಿಷದೊಳಗೆ, ಅದೂ ಕರಗಿದಾಗ ಜೇನಿಗಿಂತ ಎಷ್ಟೋ ಮಂದ ಇರೋ ಪ್ಲಾಸ್ಟಿಕ್. ಮೌಲ್ಡಿಂಗ್ ಮಷಿನ್‌ನ ಸ್ಕ್ರೂ ಕರಗಿಸಿ ಮುಂದೆ ತಳ್ಳೋಕೆ ಮಾಡಿರೋದು, ಗಂಟು ಒಡೆಯೋಕೆ ಅಲ್ಲ, ಆ ಕೆಲಸಕ್ಕೆ ಎರಡು ಸ್ಕ್ರೂ ಜೋಡಿಯಾಗಿ ತಿರುಗಿ ಅರೆಯೋ ಟ್ವಿನ್ ಸ್ಕ್ರೂ ಎಕ್ಸ್‌ಟ್ರೂಡರ್ ಬೇಕು.

ಇದನ್ನ ನಾನು ಪುಸ್ತಕ ಓದಿ ಕಲಿತಿದ್ದಲ್ಲ. ಹದಿನೈದು ವರ್ಷದ ಹಿಂದಿನ ಮಾತು, ಪ್ಲಾಸ್ಟಿಕ್ಕಿಗೆ ಬೇರೆ ಸಾಮಾನು ಬೆರೆಸೋ ಕಾಂಪೌಂಡಿಂಗ್ ಯೂನಿಟ್ ಒಂದರಲ್ಲಿ ಕೆಲಸ ಮಾಡ್ತಿದ್ದೆ, ಹೊಸದಾಗಿ ನ್ಯಾನೋಟ್ಯೂಬ್ ಸ್ಯಾಂಪಲ್ ಬಂದಿತ್ತು, ಟ್ವಿನ್ ಸ್ಕ್ರೂ ಮಷಿನ್ ಖಾಲಿ ಇರ್ಲಿಲ್ಲ, ನನಗೋ ಆತುರ, ಒಣ ಮಿಕ್ಸ್ ಮಾಡಿ ಸಿಂಗಲ್ ಸ್ಕ್ರೂನಲ್ಲೇ ಓಡಿಸಿ ಟೆಸ್ಟ್ ಬಾರ್ ಹೊಡೆಸ್ದೆ. ನೋಡೋಕೆ ಚೆಂದ, ಕಪ್ಪಗೆ ಮಿರಮಿರ. ಎಳೆಯೋ ಮಷಿನ್‌ಗೆ ಹಾಕಿದ್ರೆ, ಬರೀ ಪಿಪಿ ಬಾರ್ ಕತ್ತು ಸಣ್ಣಗಾಗಿ ಮಿಠಾಯಿ ಎಳೆದಂಗೆ ಉದ್ದಕ್ಕೆ ಬರೋದು, ನನ್ನ ನ್ಯಾನೋ ಬಾರ್ ಹಪ್ಪಳದ ಥರ ಟಪ್ ಅಂತು. ಮುರಿದ ಮುಖ ಲೆನ್ಸ್ ಕೆಳಗೆ ಹಿಡಿದ್ರೆ ನಡುವೆ ಸಾಸಿವೆಗಿಂತ ಸಣ್ಣದೊಂದು ಚುಕ್ಕೆ, ಅದರ ಸುತ್ತ ಕಿರಣದ ಥರ ಗೆರೆಗಳು, ಅಂದ್ರೆ ಸೀಳು ಶುರುವಾಗಿದ್ದೇ ಅಲ್ಲಿಂದ. ಉಗುರಲ್ಲಿ ಮೀಟಿದ್ರೆ ಆ ಚುಕ್ಕೆಯಿಂದ ಒಣ ಪುಡಿ ಉದುರ್ತು, ಬೆರಳು ಕಪ್ಪಾಯ್ತು. ಪ್ಲಾಸ್ಟಿಕ್ ಅದರೊಳಗೆ ಹೋಗೇ ಇರ್ಲಿಲ್ಲ. ಗಟ್ಟಿ ಮಾಡೋಕೆ ಅಂತ ಹಾಕಿದ್ದು ನಾನೇ ಮಾಡಿದ ತೂತಾಗಿ ಕೂತಿತ್ತು. ಪೂರ್ತಿ ನನ್ನದೇ ತಪ್ಪು, ಸ್ಯಾಂಪಲ್ ಕೊಟ್ಟವ್ರದ್ದಲ್ಲ. ಆ ಮುರಿದ ಬಾರ್ ಇನ್ನೂ ನನ್ನ ಟೇಬಲ್ ಡ್ರಾಯರ್‌ನಲ್ಲಿದೆ.

ಎರಡನೇ ಕಾರಣ ಹಿಡಿತ. ನ್ಯಾನೋಟ್ಯೂಬ್ ಮೈ ತುಂಬಾ ನುಣುಪು, ಪಿಪಿಗೂ ಅದಕ್ಕೂ ಯಾವ ಬಾಂಧವ್ಯನೂ ಇಲ್ಲ, ಎಳೆದಾಗ ಪ್ಲಾಸ್ಟಿಕ್ ಜಾರಿ ಬರುತ್ತೆ, ಒಳಗಿರೋ ಪೈಲ್ವಾನ ಕೈಯೇ ಎತ್ತಲ್ಲ. ಇಲ್ಲಿ ನಮ್ಮೂರಿನ ಹತ್ತಿ ವ್ಯಾಪಾರ ಗೊತ್ತಿರೋ ಹಿರಿಯರನ್ನ ಕೇಳಿ, ಹತ್ತಿ ರೇಟು ನಿಗದಿ ಮಾಡುವಾಗ ಎಳೆ ಉದ್ದ ನೋಡ್ತಿದ್ರು. ಎಳೆ ಉದ್ದ ಇದ್ರೆ ಪಕ್ಕದ ಎಳೆಯನ್ನ ಉದ್ದಕ್ಕೂ ತಬ್ಬಿ ಹಿಡಿಯುತ್ತೆ, ನೂಲು ಗಟ್ಟಿ, ತುಂಡೆಳೆ ಆದ್ರೆ ಎಳೆ ಎಷ್ಟೇ ಗಟ್ಟಿ ಇರ್ಲಿ ಜಾರಿ ನೂಲು ಬಿಚ್ಕೊಳ್ಳುತ್ತೆ. ಇಲ್ಲೂ ಅದೇ ಲೆಕ್ಕ. ದಪ್ಪ 10 ನ್ಯಾನೋಮೀಟರ್, ಬಲ 20 ಗಿಗಾಪ್ಯಾಸ್ಕಲ್, ಪ್ಲಾಸ್ಟಿಕ್ ಹಿಡಿತ 20 ಮೆಗಾಪ್ಯಾಸ್ಕಲ್ ಅಂತ ಇಟ್ಕೊಂಡ್ರೆ ಆ ಕೊಳವೆಯ ಪೂರ್ತಿ ಬಲ ಸಿಗೋಕೆ ಅದು 5 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಸಾವಿರ ನ್ಯಾನೋಮೀಟರ್) ಆದ್ರೂ ಉದ್ದ ಇರ್ಬೇಕು. ಗಂಟು ಒಡೀಬೇಕು ಅಂತ ಜೋರಾಗಿ ಅರೆದ್ರೆ ಕೊಳವೆಗಳೇ ತುಂಡಾಗಿ 1 ಮೈಕ್ರಾನ್‌ಗಿಂತ ಕೆಳಗೆ ಬರ್ತವೆ. ಮೆಲ್ಲಗೆ ಅರೆದ್ರೆ ಗಂಟು, ಜೋರಾಗಿ ಅರೆದ್ರೆ ತುಂಡು. ಆಸಿಡ್‌ನಲ್ಲಿ ತೊಳೆದು ಮೈ ಒರಟು ಮಾಡಿದ್ರೆ ಹಿಡಿತ ಸುಧಾರಿಸುತ್ತೆ, ಆದ್ರೆ ಆಸಿಡ್ಡೂ ಕೊಳವೆ ಕತ್ತರಿಸುತ್ತೆ. ಪಿಪಿಗೆ ಮ್ಯಾಲಿಕ್ ಅನ್‌ಹೈಡ್ರೈಡ್ ಕಸಿ ಮಾಡಿದ ಒಂದು ಥರದ ಪಿಪಿ ಬರುತ್ತೆ, ಅದು ನಡುವೆ ದಲ್ಲಾಳಿ ಕೆಲಸ ಮಾಡುತ್ತೆ, ಕಾರ್ಬನ್‌ಗೆ ಒಂದಿಷ್ಟು, ಗ್ಲಾಸ್ ಫೈಬರ್‌ಗೆ ಚೆನ್ನಾಗಿ.

ಇನ್ನೊಂದು ವಿಷ್ಯ, ಡಬ್ಬಿ ಮೇಲೆ ಗ್ರಾಫೀನ್ ಅಂತ ಬರೆದ ಮಾತ್ರಕ್ಕೆ ಒಳಗೆ ಗ್ರಾಫೀನ್ ಇರುತ್ತೆ ಅಂತಿಲ್ಲ. ಹತ್ತು ಪದರದವರೆಗೆ ಇದ್ರೆ ಅದನ್ನ ಗ್ರಾಫೀನ್ ಕುಟುಂಬ ಅನ್ಬಹುದು, ಅದಕ್ಕಿಂತ ದಪ್ಪ ಆದ್ರೆ ಅದು ಗ್ರಾಫೈಟ್, ನಿಮ್ಮ ಮಕ್ಕಳ ಪೆನ್ಸಿಲ್ ಕಡ್ಡೀಲಿರೋದು. 2018ರಲ್ಲಿ ಸಿಂಗಾಪುರದ ನ್ಯಾಷನಲ್ ಯೂನಿವರ್ಸಿಟಿಯವ್ರು ಜಗತ್ತಿನ 60 ಕಂಪನಿಗಳ ಗ್ರಾಫೀನ್ ತರಿಸಿ ಪರೀಕ್ಷೆ ಮಾಡಿದ್ರು, ಬಹುಪಾಲು ಸ್ಯಾಂಪಲ್‌ನಲ್ಲಿ ನಿಜವಾದ ಗ್ರಾಫೀನ್ ಹತ್ತು ಪರ್ಸೆಂಟ್‌ಗಿಂತ ಕಮ್ಮಿ. ನಿಮ್ಮ ಡೀಲರ್ ಡಬ್ಬಿ ಅದರಲ್ಲಿ ಯಾವ ಸಾಲಿಗೆ ಸೇರುತ್ತೋ, ಪದರ ಎಷ್ಟು ಅಂತ ಟೆಸ್ಟ್ ರಿಪೋರ್ಟ್ ಕೇಳಿ ನೋಡಿ, ಮುಖ ನೋಡಿದ್ರೇ ಗೊತ್ತಾಗುತ್ತೆ.

ಈಗ ಖುಷಿ ಸುದ್ದಿ. ನ್ಯಾನೋ ಕಾರ್ಬನ್ ನಿಮ್ಮ ಶೆಡ್‌ನಲ್ಲಿ ಆಗ್ಲೇ ಇದೆ, ಮೂಲೇಲಿ ಚೀಲದಲ್ಲಿ ಬಿದ್ದಿದೆ. ಕಾರ್ಬನ್ ಬ್ಲ್ಯಾಕ್ ರೀ. ನಿಮ್ಮ ಕಪ್ಪು ಮಾಸ್ಟರ್‌ಬ್ಯಾಚ್. ಅಜ್ಜಿ ಕಾಲದಲ್ಲಿ ಹರಳೆಣ್ಣೆ ದೀಪದ ಮೇಲೆ ತಟ್ಟೆ ಕವುಚಿ ಕಾಡಿಗೆ ಹಿಡೀತಿದ್ರಲ್ಲ, ಅದೇ ವಂಶ, ಕಾರ್ಖಾನೇಲಿ ಎಣ್ಣೆಯನ್ನ ಅರೆಬರೆ ಗಾಳೀಲಿ ಸುಟ್ಟು ಹಿಡೀತಾರೆ, ಒಂದೊಂದು ಕಣ ಹತ್ತಾರು ನ್ಯಾನೋಮೀಟರ್. ಪಾಲಿಮರ್, ಅಂದ್ರೆ ಪ್ಲಾಸ್ಟಿಕ್ ರಬ್ಬರ್ ಜಾತಿ, ಗಟ್ಟಿ ಮಾಡಿದ ಜಗತ್ತಿನ ಅತಿ ದೊಡ್ಡ ನ್ಯಾನೋ ಕಥೆ ಇದೇ, ಯಾರೂ ಅದನ್ನ ನ್ಯಾನೋ ಅಂತ ಕರೆದು ರೇಟು ಏರಿಸ್ಲಿಲ್ಲ ಅಷ್ಟೇ. ಮೊದಲು ಟೈರ್ ಬಿಳಿ ಬಣ್ಣ ಇರ್ತಿತ್ತು, 1904ರಲ್ಲಿ ಇಂಗ್ಲೆಂಡಿನ ರಬ್ಬರ್ ಕಾರ್ಖಾನೆ ಒಂದರಲ್ಲಿ ಕಾರ್ಬನ್ ಬ್ಲ್ಯಾಕ್ ಹಾಕಿದ್ರೆ ರಬ್ಬರ್ ಗಟ್ಟಿ ಆಗುತ್ತೆ ಅಂತ ಕಂಡ್ಕೊಂಡ್ರು, ಆಮೇಲೆ ಟೈರ್ ಕಪ್ಪಾಗಿದ್ದು ಮತ್ತೆ ಬಿಳಿ ಆಗ್ಲೇ ಇಲ್ಲ. ಎಸ್‌ಬಿಆರ್ ಅನ್ನೋ ಸಿಂಥೆಟಿಕ್ ರಬ್ಬರ್ ಬರೀದು ಎಳೆದ್ರೆ 2-3 ಮೆಗಾಪ್ಯಾಸ್ಕಲ್‌ಗೆ ಹರಿಯುತ್ತೆ, ಬ್ಲ್ಯಾಕ್ ಹಾಕಿದ್ರೆ 20 ದಾಟುತ್ತೆ. ಅಲ್ಲಿ ಡಬಲ್ ಅಲ್ಲ, ಏಳೆಂಟು ಪಟ್ಟು! ಆದ್ರೆ ಅಲ್ಲಿ ಚಿಟಿಕೆ ಹಾಕಲ್ಲ, ನೂರು ಭಾಗ ರಬ್ಬರ್‌ಗೆ ಐವತ್ತು ಭಾಗ ಹತ್ರ ಹಾಕ್ತಾರೆ, ರೂಮಿನಷ್ಟು ದೊಡ್ಡ ಮಿಕ್ಸರ್‌ನಲ್ಲಿ ಮೆಣಸಿನಕಾಯಿ ಕುಟ್ಟಿದಂಗೆ ಕುಟ್ತಾರೆ, ಜೊತೆಗೆ ರಬ್ಬರ್ ಸ್ವತಃ ಮೆತ್ತಗಿರೋದ್ರಿಂದ ಏರೋಕೆ ಜಾಗ ಇರುತ್ತೆ, ಬ್ಲ್ಯಾಕ್ ಮೈಗೆ ರಬ್ಬರ್ ಅಂಟೋದೂ ಚೆನ್ನಾಗಿ.

ಪಿಪಿ, ಎಚ್‌ಡಿಪಿಇ (ನೀರಿನ ಪೈಪ್ ಮಾಡೋ ಪಾಲಿಥಿನ್) ಇಂಥ ಪ್ಲಾಸ್ಟಿಕ್ಕಿನಲ್ಲಿ ಕಾರ್ಬನ್ ಬ್ಲ್ಯಾಕ್ ಬಲಕ್ಕಲ್ಲ, ಕೊಡೆ ಥರ. ಬಿಸಿಲಿನ ಯುವಿ ಕಿರಣ ಒಳಗೆ ಹೋಗೋ ಮುಂಚೆ ನುಂಗಿಬಿಡುತ್ತೆ. ಪಿಪಿ ಬಿಸಿಲಿಗೆ ಬಹಳ ನಾಜೂಕು, ಅದರ ಸರಪಳಿಯಲ್ಲಿ ಒಂದು ಬಿಟ್ಟು ಒಂದು ಕಾರ್ಬನ್ ಮೇಲೆ ಸುಲಭಕ್ಕೆ ಕಿತ್ತು ಬರೋ ಹೈಡ್ರೋಜನ್ ಇರುತ್ತೆ, ಅಲ್ಲಿಂದ ಸರಪಳಿ ತುಂಡಾಗ್ತಾ ಹೋಗಿ ಮೇಲ್ಮೈ ಸುಣ್ಣ ಬಳಿದಂಗೆ ಬೆಳ್ಳಗಾಗಿ ಸಣ್ಣ ಸಣ್ಣ ಬಿರುಕು ಬೀಳುತ್ತೆ. ನೀವು ಕಳಿಸಿದ ಎರಡನೇ ಫೋಟೋ ದೊಡ್ಡದು ಮಾಡಿ ನೋಡಿ, ಸ್ಯಾಡಲ್‌ನ ಮೇಲಿನ ಮಗ್ಗುಲು ಬೂದಿ ಬಣ್ಣಕ್ಕೆ ತಿರುಗಿದೆ, ಕೆಳಗೆ ಪೈಪಿಗೆ ತಾಗಿದ ಮಗ್ಗುಲು ಇನ್ನೂ ಹೊಸದರ ಥರ ಕಪ್ಪಗಿದೆ. ಬಿಸಿಲು ತಾಗಿದ ಕಡೆ ಮಾತ್ರ ಸತ್ತಿದೆ. ಅಲ್ಲಿಗೆ ಅರ್ಧ ಉತ್ತರ ಸಿಕ್ತು, ನಿಮ್ಮ ಮಾಸ್ಟರ್‌ಬ್ಯಾಚ್ ಮೇಲೆ ಅನುಮಾನ ಪಡಿ.

ಎಚ್‌ಡಿಪಿಇ ನೀರಿನ ಪೈಪಿನ ಐಎಸ್ 4984 ಸ್ಟ್ಯಾಂಡರ್ಡ್‌ನಲ್ಲಿ ಕಾರ್ಬನ್ ಬ್ಲ್ಯಾಕ್ ಎರಡೂವರೆ ಪರ್ಸೆಂಟ್, ಅರ್ಧ ಹೆಚ್ಚು ಕಮ್ಮಿ ಅಂತ ಹೇಳಿರೋದು ಸುಮ್ನೆ ಅಲ್ಲ, ನಿಮ್ಮ ಸ್ಯಾಡಲ್ಲಿಗೂ ಅದನ್ನೇ ಗುರಿ ಇಟ್ಕೊಳ್ಳಿ. ಒಳ್ಳೆ ಮಾಸ್ಟರ್‌ಬ್ಯಾಚ್‌ನಲ್ಲಿ 40 ಪರ್ಸೆಂಟ್ ಕಾರ್ಬನ್ ಬ್ಲ್ಯಾಕ್ ಇದ್ರೆ ನೂರು ಕೆಜಿ ಮಾಲಿನಲ್ಲಿ ಆರೂಕಾಲು ಕೆಜಿ ಅದಿರ್ಬೇಕು, ಆಗ ಎರಡೂವರೆ ಬರುತ್ತೆ. ನೀವು ಬರೆದಿದ್ದೀರಿ ನಾವು ಎರಡು ಕೆಜಿ ಹಾಕ್ತೀವಿ, ಬಣ್ಣ ಚೆನ್ನಾಗೇ ಬರುತ್ತೆ ಅಂತ. ಬಣ್ಣ ಅರ್ಧ ಪರ್ಸೆಂಟ್‌ಗೂ ಬರುತ್ತೆ ರೀ! ಕಪ್ಪು ಕಂಡ ಮಾತ್ರಕ್ಕೆ ಕೊಡೆ ಆಗಲ್ಲ. ಜೊತೆಗೆ ಕಮ್ಮಿ ರೇಟಿನ ಮಾಸ್ಟರ್‌ಬ್ಯಾಚ್‌ನಲ್ಲಿ ಸುಣ್ಣದಪುಡಿ, ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್, ತುಂಬಿರ್ತಾರೆ, ಕಾರ್ಬನ್ ಕಣಾನೂ ದಪ್ಪಂದು ಹಾಕಿರ್ತಾರೆ, ದಪ್ಪ ಕಣಕ್ಕೆ ಬಣ್ಣ ಬರುತ್ತೆ, ಯುವಿ ತಡೆಯೋ ತಾಕತ್ತು ಇರಲ್ಲ. 20 ನ್ಯಾನೋಮೀಟರ್ ಆಸುಪಾಸಿನ ಕಣ ಇರೋ ಯುವಿ ಗ್ರೇಡ್ ಅಂತಾನೇ ಕೇಳಿ ತಗೊಳ್ಳಿ. ನ್ಯಾನೋ ಮೇಲೆ ದುಡ್ಡು ಹಾಕ್ಲೇಬೇಕು ಅನ್ಸಿದ್ರೆ ಇಲ್ಲಿ ಹಾಕಿ.

ಮನೇಲೇ ಮಾಡೋ ಎರಡು ಪರೀಕ್ಷೆ ಹೇಳ್ತೀನಿ. ಒಡೆದ ಸ್ಯಾಡಲ್ ತುಂಡು ಒಂದು ಬಕೆಟ್ ನೀರಿಗೆ ಹಾಕಿ, ಗಾಳಿ ಗುಳ್ಳೆ ಅಂಟದಂಗೆ ಒರೆಸಿ ಹಾಕಿ. ಪಿಪಿ ನೀರಿಗಿಂತ ಹಗುರ, ಎರಡೂವರೆ ಪರ್ಸೆಂಟ್ ಕಾರ್ಬನ್ ಇದ್ರೂ ಆರಾಮಾಗಿ ತೇಲ್ಬೇಕು. ಮುಳುಗಿದ್ರೆ ಸುಣ್ಣದಪುಡಿನೋ ಇನ್ನೇನೋ ಫಿಲ್ಲರ್ ಹತ್ತು ಪರ್ಸೆಂಟ್ ಮೇಲೆ ಸೇರಿದೆ ಅಂತ ಲೆಕ್ಕ, ಮಾಸ್ಟರ್‌ಬ್ಯಾಚ್‌ನಿಂದ ಬಂತೋ ಹಳೇ ಪ್ಲಾಸ್ಟಿಕ್ ಕರಗಿಸಿ ಮಾಡಿದ ರೀಪ್ರೊಸೆಸ್ ದಾಣದಿಂದ ಬಂತೋ ಹುಡುಕಿ. ಎರಡನೇದು, ಬ್ಲೇಡಿನಲ್ಲಿ ರಾಗಿ ಕಾಳಷ್ಟು ತುಂಡು ಕೊಯ್ದು ಎರಡು ಗ್ಲಾಸ್ ಸ್ಲೈಡ್ ನಡುವೆ ಇಟ್ಟು ಬಿಸಿ ಪ್ಲೇಟಿನ ಮೇಲೆ 200 ಡಿಗ್ರಿ ಹತ್ರ ಕರಗಿಸಿ ಮೇಲಿಂದ ಒತ್ತಿ, ತೆಳ್ಳಗೆ ಹರಡುತ್ತೆ, ಬೆಳಕಿಗೆ ಹಿಡಿದ್ರೆ ಕಂದು ಬಣ್ಣ ಕಾಣ್ಬೇಕು. ಅದನ್ನ ನೂರು ಪಟ್ಟು ದೊಡ್ಡದು ತೋರ್ಸೋ ಮೈಕ್ರೋಸ್ಕೋಪ್‌ನಲ್ಲಿ ನೋಡಿ, ಪಿಯು ಕಾಲೇಜಿನ ಬಯಾಲಜಿ ಲ್ಯಾಬಿಂದು ಸಾಕು, ಗುರುತಿನ ಮೇಷ್ಟ್ರು ಯಾರಾದ್ರೂ ಸಿಗ್ತಾರೆ. ಫಿಲ್ಟರ್ ಕಾಫಿ ಡಿಕಾಕ್ಷನ್ ಥರ ಒಂದೇ ಸಮ ಕಂಡ್ರೆ ಚೆನ್ನಾಗಿ ಹರಡಿದೆ. ಕರಿ ಕರಿ ದ್ವೀಪ ಕಂಡ್ರೆ ಗಂಟು. ಝೀಬ್ರಾ ಪಟ್ಟೆ ಥರ ತೆಳು ಗೆರೆ ಕರಿ ಗೆರೆ ಕಂಡ್ರೆ ಮಾಸ್ಟರ್‌ಬ್ಯಾಚ್ ಸರಿಯಾಗಿ ಬೆರೆತೇ ಇಲ್ಲ, ಆ ತೆಳು ಗೆರೆಗಳಲ್ಲಿ ಬಿಸಿಲು ನೇರ ಒಳಗೆ ಹೋಗುತ್ತೆ. ದುಡ್ಡು ಕೊಟ್ಟು ಪಕ್ಕಾ ರಿಪೋರ್ಟ್ ಬೇಕಂದ್ರೆ ಮೈಸೂರಿನಲ್ಲಿರೋ ಕೇಂದ್ರ ಸರ್ಕಾರದ ಪ್ಲಾಸ್ಟಿಕ್ ಸಂಸ್ಥೆ ಸಿಪೆಟ್‌ನಲ್ಲಿ ಪ್ಲಾಸ್ಟಿಕ್ ಟೆಸ್ಟಿಂಗ್ ಇದೆ, ಕಾರ್ಬನ್ ಕಂಟೆಂಟ್ (ಎಷ್ಟಿದೆ) ಮತ್ತೆ ಡಿಸ್ಪರ್ಷನ್ (ಹೆಂಗೆ ಹರಡಿದೆ) ಎರಡೂ ಮಾಡಿಸಿ.

ಇನ್ನರ್ಧ ಉತ್ತರ ಮೊದಲನೇ ಫೋಟೋದಲ್ಲಿದೆ. ಸೀಳು ಎಲ್ಲ ತುಂಡಲ್ಲೂ ಬೋಲ್ಟ್ ತೂತಿನ ಒಂದೇ ಮಗ್ಗುಲಿಂದ, ನೇರ ಗೆರೆ ಎಳೆದಂಗೆ ಹೋಗಿದೆ. ಬಿಸಿಲಿನ ಬಿರುಕು ಹಂಗೆ ಶಿಸ್ತಾಗಿ ಹೋಗಲ್ಲ, ಅದು ವೆಲ್ಡ್ ಲೈನ್. ಕರಗಿದ ಮಾಲು ತೂತಿನ ಪಿನ್ನಿಗೆ ಬಡಿದು, ಹೊಳೆ ನೀರು ಬಂಡೆ ಸುತ್ತಿ ಹೋದಂಗೆ, ಎರಡು ಕವಲಾಗಿ ಆಚೆ ಕಡೆ ಮತ್ತೆ ಸೇರುತ್ತೆ, ಸೇರೋ ಹೊತ್ತಿಗೆ ಎರಡರ ಮೂತಿನೂ ತಣ್ಣಗಾಗಿರುತ್ತೆ, ಹೊಂದ್ಕೊಳ್ಳಲ್ಲ, ಅಲ್ಲೇ ಬೋಲ್ಟ್ ಬಿಗೀತೀರಿ, ಅಲ್ಲೇ ಸೀಳುತ್ತೆ. ಈಗ ಗಮನ ಇಟ್ಟು ಕೇಳಿ, ಗ್ರಾಫೀನ್ ಹಾಳೆನೋ ಕೊಳವೆನೋ ಹಾಕಿದ್ರೆ ಅವು ಹರಿವಿನ ಜೊತೆ ತಿರುಗಿ ಆ ಗೆರೆ ಉದ್ದಕ್ಕೂ ಗೋಡೆ ಥರ ಮಲಗ್ತವೆ, ಗೆರೆ ದಾಟಿ ಆಚೆ ಈಚೆ ಹೊಲಿಯಲ್ಲ. ವೆಲ್ಡ್ ಲೈನ್ ಇನ್ನೂ ಕೆಡುತ್ತೆ. ಡಬ್ಬಿ ದುಡ್ಡು ಕೊಟ್ಟು ಸೀಳು ಕೊಂಡ್ಕೊಂಡಂಗೆ.

ಇದಕ್ಕೆ ಮದ್ದು ಪುಡೀಲಿಲ್ಲ, ಡೈ (ಅಚ್ಚು) ಮತ್ತೆ ಮಷಿನ್‌ನಲ್ಲಿದೆ. ಡೈ ಸ್ವಲ್ಪ ಬಿಸಿ ಇಡಿ, ಮಾಲಿನ ಟೆಂಪರೇಚರ್ 10-15 ಡಿಗ್ರಿ ಏರಿಸಿ ನೋಡಿ, ಇಂಜೆಕ್ಷನ್ ಸ್ಪೀಡ್ ಏರಿಸಿ, ಎರಡು ಕವಲು ಸೇರೋ ಜಾಗದಲ್ಲಿ ಗಾಳಿ ಹೋಗೋಕೆ ವೆಂಟ್ ಇದೆಯಾ ನೋಡಿ. ಡೈ ಮಾಡಿದವ್ರ ಹತ್ರ ಕೂತು ಗೇಟ್, ಅಂದ್ರೆ ಕರಗಿದ ಮಾಲು ಅಚ್ಚಿನೊಳಗೆ ನುಗ್ಗೋ ಬಾಯಿ, ಅದರ ಜಾಗ ಬದಲಾಯಿಸೋಕೆ ಆದ್ರೆ ಅತ್ಯುತ್ತಮ, ವೆಲ್ಡ್ ಲೈನ್ ಹೋಗಲ್ಲ, ಆದ್ರೆ ಎಳೆತ ಕಮ್ಮಿ ಇರೋ ಮಗ್ಗುಲಿಗೆ ಸರಿಸ್ಬಹುದು. ಗ್ರೈಂಡಿಂಗ್ ಮಾಲು ಮೂವತ್ತು ಪರ್ಸೆಂಟ್ ಹಾಕ್ತೀವಿ ಅಂದಿದೀರಿ, ಪಿಪಿ ಪ್ರತಿ ಸಲ ಬ್ಯಾರಲ್ ಕಂಡಾಗ್ಲೂ ಸರಪಳಿ ತುಂಡಾಗುತ್ತೆ, ಹತ್ತಕ್ಕೆ ಇಳಿಸಿ, ಬೇಜಾರಾದ್ರೂ ಇಳಿಸಿ. ಗ್ರೇಡು ಹೋಮೋ ಪಾಲಿಮರ್, ಅಂದ್ರೆ ಬರೀ ಪಿಪಿ, ಆಗಿದ್ರೆ ಪೆಟ್ಟು ನುಂಗೋಕೆ ಅಂತಾನೇ ಮಾಡಿದ ಇಂಪ್ಯಾಕ್ಟ್ ಕೋಪಾಲಿಮರ್‌ಗೆ ಹೋಗಿ. ನಿಜವಾಗ್ಲೂ ಬಿಗಿ ಮತ್ತೆ ಬಲ ಎರಡೂ ಬೇಕು ಅಂದ್ರೆ, ಗ್ಲಾಸ್ ಫೈಬರ್ 30 ಪರ್ಸೆಂಟ್ ಇರೋ ಪಿಪಿ ಬಲ 80 ಮೆಗಾಪ್ಯಾಸ್ಕಲ್ ಹತ್ರ ಕೊಡುತ್ತೆ, ಬರೀ ಪಿಪಿಯ ಎರಡೂವರೆ ಪಟ್ಟು, ಅದರಲ್ಲಿ ನ್ಯಾನೋ ಗೀನೋ ಏನಿಲ್ಲ, ಹಳೇ ಕಾಲದ ಗಾಜಿನ ಎಳೆ. ಆದ್ರೆ ಸ್ಕ್ರೂ ಸವೆಸುತ್ತೆ, ವೆಲ್ಡ್ ಲೈನ್ ಖಾಯಿಲೆ ಅದಕ್ಕೂ ಇದೆ, ನಿಮ್ಮ ಸ್ಯಾಡಲ್‌ಗೆ ಅದು ಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ.

ಹಂಗಾದ್ರೆ ಈ ನ್ಯಾನೋಟ್ಯೂಬ್ ಎಲ್ಲಾ ಬರೀ ಬೋಗಸ್ಸಾ ಅಂತ ಕೇಳ್ತೀರಿ. ಅಲ್ಲ. ಅದು ನಿಜವಾಗಿ ಗೆದ್ದಿರೋದು ಕರೆಂಟ್ ಹರಿಸೋದ್ರಲ್ಲಿ. ಪ್ಲಾಸ್ಟಿಕ್ಕಿನಲ್ಲಿ ಸ್ಟ್ಯಾಟಿಕ್ ಕರೆಂಟ್ ಕೂರಬಾರದು ಅಂದ್ರೆ ಕಾರ್ಬನ್ ಬ್ಲ್ಯಾಕ್ 15-20 ಪರ್ಸೆಂಟ್ ಸುರಿಬೇಕು, ಮಾಲು ಸತ್ತೇ ಹೋಗುತ್ತೆ, ನ್ಯಾನೋಟ್ಯೂಬ್ ಆದ್ರೆ ಉದ್ದ ಇರೋದ್ರಿಂದ ಒಂದಕ್ಕೊಂದು ಕೈ ಕೈ ಹಿಡ್ಕೊಂಡು ಒಂದೆರಡು ಪರ್ಸೆಂಟ್‌ಗೇ ದಾರಿ ಮಾಡಿಬಿಡ್ತವೆ. ಕಾರಿನ ಪೆಟ್ರೋಲ್ ಲೈನು, ಚಿಪ್ ಸಾಗಿಸೋ ಟ್ರೇ ಎಲ್ಲ ಹಿಂಗೇ. ಮೊಬೈಲು, ಎಲೆಕ್ಟ್ರಿಕ್ ಸ್ಕೂಟರ್‌ನ ಲಿಥಿಯಂ ಬ್ಯಾಟರಿ ಒಳಗೂ ಇದೇ ಕೆಲಸಕ್ಕೆ ಹಾಕ್ತಾರೆ. ಬಲದ ವಿಷಯಕ್ಕೆ ಬಂದ್ರೆ ಎಪಾಕ್ಸಿ ಅನ್ನೋ ಅಂಟು ರಾಳದಲ್ಲಿ ಪರವಾಗಿಲ್ಲ, ಅದು ಗಟ್ಟಿ ಆಗೋ ಮುಂಚೆ ತೆಳ್ಳಗಿರುತ್ತೆ, ಗಂಟು ಒಡೆಯೋಕೆ ಪುರುಸೊತ್ತು ಸಿಗುತ್ತೆ, ಕಾರ್ಬನ್ ಫೈಬರ್ ಬಟ್ಟೆ ಪದರಗಳು ಬಿಟ್ಕೊಳ್ಳದಂಗೆ ನಡುವೆ ಚೂರು ನ್ಯಾನೋಟ್ಯೂಬ್ ಸೇರಿಸೋದುಂಟು. ಹಾಂ, ಕಾರ್ಬನ್ ಫೈಬರ್ ಬೇರೆ, ನ್ಯಾನೋಟ್ಯೂಬ್ ಬೇರೆ, ಫೈಬರ್ ದಪ್ಪ 5-7 ಮೈಕ್ರಾನ್, ಅಂದ್ರೆ ನ್ಯಾನೋಟ್ಯೂಬ್‌ಗಿಂತ ನೂರಾರು ಪಟ್ಟು ದಪ್ಪ. ಚಿತ್ರದುರ್ಗದ ಗುಡ್ಡದ ಮೇಲೆ ತಿರುಗೋ ಗಾಳಿಯಂತ್ರದ ರೆಕ್ಕೆ ಗ್ಲಾಸ್ ಫೈಬರ್ ಮತ್ತೆ ರಾಳದ್ದು, ತುಂಬಾ ಉದ್ದನೆ ರೆಕ್ಕೆಗಳಲ್ಲಿ ಬೆನ್ನುಮೂಳೆಗೆ ಕಾರ್ಬನ್ ಫೈಬರ್ ಹಾಕ್ತಾರೆ. ಡೀಲರ್‌ಗಳು ಇವನ್ನೆಲ್ಲ ಒಂದೇ ಚೀಲಕ್ಕೆ ತುಂಬಿ, ವಿಮಾನದಲ್ಲಿ ಹಾಕ್ತಾರೆ ಸರ್ ಅಂತಾರೆ, ನಂಬಬೇಡಿ.

ಪುಡಿ ಬೇಡ ಅಂತ ಮೊದಲೇ ಒತ್ತಿ ಹೇಳಿದ್ದಕ್ಕೆ ಇನ್ನೊಂದು ಕಾರಣ ಇದೆ. ಒಂದು ಥರದ ಹಲವು ಗೋಡೆ ನ್ಯಾನೋಟ್ಯೂಬನ್ನ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಏಜೆನ್ಸಿ 2014ರಲ್ಲಿ ಕ್ಯಾನ್ಸರ್ ತರಬಹುದಾದ ಪಟ್ಟಿಗೆ ಸೇರಿಸ್ತು. ಅಮೆರಿಕದ ಕಾರ್ಮಿಕರ ಆರೋಗ್ಯ ಸಂಸ್ಥೆ ಗಾಳೀಲಿ ಘನಮೀಟರ್‌ಗೆ 1 ಮೈಕ್ರೋಗ್ರಾಂ ಮೀರಬಾರದು ಅಂತ ಹೇಳಿದೆ, ಅದು ಕಣ್ಣಿಗೆ ಕಾಣೋ ಧೂಳೇ ಅಲ್ಲ. ನಿಮ್ಮ ಹುಡುಗ್ರು ಮೂಗಿಗೆ ಕರ್ಚೀಫ್ ಕಟ್ಕೊಂಡು ಹಾಪರ್‌ಗೆ ಸುರಿಯೋ ವಸ್ತು ಇದಲ್ಲ. ಆ ಧೂಳಿನಲ್ಲಿ ಕರೆಂಟೂ ಹರಿಯುತ್ತೆ, ಪ್ಯಾನೆಲ್ ಬೋರ್ಡ್ ಒಳಗೆ ಹೋಗಿ ಕೂತ್ರೆ ಅದೊಂದು ಬೇರೆ ರಾಮಾಯಣ. ಯಾವತ್ತಾದ್ರೂ ಆಸೆಗೆ ಟ್ರೈ ಮಾಡ್ಬೇಕು ಅನ್ಸಿದ್ರೆ, ಟ್ವಿನ್ ಸ್ಕ್ರೂನಲ್ಲಿ ಮಾಡಿದ ಮಾಸ್ಟರ್‌ಬ್ಯಾಚ್ ದಾಣ ತರಿಸಿ, ಐದು ಕೆಜಿ ಸಾಕು, ಹಾಕಿದ್ದು ಹಾಕದ್ದು ಎರಡೂ ಬಾರ್ ಒಂದೇ ದಿನ ಒಂದೇ ಮಷಿನ್‌ನಲ್ಲಿ ಹೊಡೆದು ಟೆಸ್ಟ್‌ಗೆ ಕಳ್ಸಿ, ಇಂಪ್ಯಾಕ್ಟ್ ಸಹ ಕೇಳಿ, ಬರೀ ಟೆನ್ಸೈಲ್ ತಗೊಂಡು ಸಮಾಧಾನ ಪಡಬೇಡಿ.

ಹೊಸ ಮಾಸ್ಟರ್‌ಬ್ಯಾಚ್ ತಂದ ಮೇಲೆ ಮಳೆಗಾಲದಲ್ಲಿ ಒಂದು ಎಚ್ಚರ. ಕಾರ್ಬನ್ ಬ್ಲ್ಯಾಕ್ ಗಾಳಿಯಲ್ಲಿರೋ ತೇವ ಹೀರುತ್ತೆ, ಚೀಲ ಬಾಯಿ ತೆಗೆದು ಬಿಟ್ರೆ ಮಾಲಿನ ಮೇಲೆ ಬೆಳ್ಳಿ ಗೆರೆ, ಒಳಗೆ ಗುಳ್ಳೆ, ಆಮೇಲೆ ಮತ್ತೆ ನನಗೆ ಫೋಟೋ ಕಳಿಸ್ತೀರಿ. 80-90 ಡಿಗ್ರೀಲಿ ಎರಡು ಗಂಟೆ ಡ್ರೈ ಮಾಡಿ ಹಾಕಿ.

ಬಕೆಟ್ ಪರೀಕ್ಷೆ ಇವತ್ತೇ ಮಾಡಿ, ತೇಲ್ತೋ ಮುಳುಗ್ತೋ ಬರೀರಿ. ಡೈನಲ್ಲಿ ಗೇಟ್ ಯಾವ ಮಗ್ಗುಲಿದೆ ಅಂತನೂ ಹೇಳಿ, ನೀವು ಕಳಿಸಿದ ಫೋಟೋಗಳಲ್ಲಿ ಗೇಟ್ ಕತ್ತರಿಸಿದ ಗುರುತು ಕಾಣ್ತಿಲ್ಲ, ಸ್ಯಾಡಲ್ ತಿರುಗಿಸಿ ಆ ಕಡೆಯಿಂದ ಇನ್ನೊಂದು ತೆಗೆದು ಕಳ್ಸಿ.